ಅಣ್ಣನ ಹೆಸರಿನ ಚಿಂಪಾಂಜಿ

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ನಾನು ಬಾಯಿ ತೆರೆದರೆ ಸಾಕು, ಆ ಕಂಬದ ಪಕ್ಕದ ಯಜಮಾನರು ಕಾಲು ಚಾಚಿ ಗೋಡೆಗೆ ಒರಗುತ್ತಾರೆ. ಅವರಿಗೆ ಮುಂದಿನದೆಲ್ಲ ಗೊತ್ತು. ಶ್ರೀಮಂತ ಜಿಪುಣನಾಗಿರುತ್ತಾನೆ, ಅವನ ಬಾಗಿಲಿಗೆ ಒಬ್ಬ ಜಂಗಮ ಬರುತ್ತಾನೆ, ಶ್ರೀಮಂತ ಕಣ್ಣೀರು ಹಾಕುತ್ತಾನೆ, ಅಷ್ಟರಲ್ಲಿ ಪ್ರಸಾದದ ಹೊತ್ತಾಗುತ್ತದೆ. ಮಠದಲ್ಲಿ ಶ್ರಾವಣದ ಪ್ರವಚನ ಶುರುವಾದಾಗಿನಿಂದ ಆ ಶ್ರೀಮಂತನೂ ದುಡಿದು ಸುಸ್ತಾಗಿದ್ದಾನೆ. ಇವತ್ತು ಅವನಿಗೆ ರಜೆ ಕೊಟ್ಟಿದ್ದೇನೆ. ಇವತ್ತಿನ ಕಥೆ ಹೀಗೆ ಶುರುವಾಗುತ್ತದೆ: ಒಂದು ಕಾಡಿನಲ್ಲಿ ಒಬ್ಬ ಹೆಣ್ಣುಮಗಳು ಚಿಂಪಾಂಜಿಗಳ ಬೆನ್ನು ನೋಡುತ್ತ ಕುಳಿತಿದ್ದಳು.

ನಗಬೇಡಿ. ಬೆನ್ನು ಎಂದೇ ಹೇಳಿದೆ, ಮುಖ ಎಂದಲ್ಲ. ಮುಖ ತೋರಿಸಲು ಅವು ನಿಂತರೆ ತಾನೆ? ಇವಳು ಒಂದು ಹೆಜ್ಜೆ ಮುಂದಿಟ್ಟರೆ ಅವು ಗುಡ್ಡದ ಆಚೆ. ಇವಳು ಸೀನಿದರೆ ಕಣಿವೆಯ ಆಚೆ. ಇವಳ ಹೆಸರು ದಾನೇಶ್ವರಿ. ಗದಗಿನ ಕಡೆಯವಳು, ಪ್ರಾಣಿಗಳ ಶಾಸ್ತ್ರ ಓದಿದವಳು. ಆಫ್ರಿಕಾದಲ್ಲಿ ಒಂದು ದೊಡ್ಡ ಸರೋವರ, ಅದರ ದಂಡೆಗೆ ಒಂದು ಕಾಡು. ಆ ಕಾಡಿನ ಚಿಂಪಾಂಜಿಗಳು ಹೇಗೆ ಬದುಕುತ್ತವೆ, ಏನು ತಿನ್ನುತ್ತವೆ, ಯಾರ ಮೇಲೆ ಯಾಕೆ ಮುನಿಸಿಕೊಳ್ಳುತ್ತವೆ ಎಂದು ಅವುಗಳ ನಡುವೆಯೇ ಕುಳಿತು ನೋಡಬೇಕು ಎಂದು ಹೊರಟವರಲ್ಲಿ ಇವಳೇ ಮೊದಲಿಗಳು. ಅದಕ್ಕೂ ಮೊದಲು ಅಲ್ಲಿಗೆ ಹೋದವರು ಬಂದೂಕು ಹಿಡಿದು ಹೋಗಿದ್ದರು, ಇಲ್ಲವೇ ಬೋನು ಹೊತ್ತು ಹೋಗಿದ್ದರು. ಇವಳು ಹೋದದ್ದು ಒಂದು ದುರ್ಬೀನು ಮತ್ತು ಒಂದು ಡಬ್ಬಿ ಖಡಕ್ ರೊಟ್ಟಿ ಹಿಡಿದುಕೊಂಡು.

ಆ ರೊಟ್ಟಿ ಕಟ್ಟಿಕೊಟ್ಟವನು ಅವಳ ಅಣ್ಣ ಚೆನ್ನವೀರಪ್ಪ. ನೋಡಿ, ಇವನನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ತಂದೆ ತಾಯಿ ಬೇಗ ಹೋದರು. ತಂಗಿಯ ತಲೆ ಬಾಚಿ ಜಡೆ ಹಾಕಿದವನು ಅವನೇ. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟು ಕುಳಿತವನು ಅವನೇ. ಹುಡುಗಿಯನ್ನು ಎಷ್ಟು ಓದಿಸುತ್ತೀ, ಮದುವೆ ಮಾಡಿ ಕಳಿಸು ಎಂದು ಬಂದ ಬಂಧುಗಳಿಗೆ ಚಹಾ ಕುಡಿಸಿ ಬಾಗಿಲು ತೋರಿಸಿದವನೂ ಅವನೇ. ಪೇಟೆಯಲ್ಲಿ ಅವನದು ಸ್ಟೀಲ್ ಪಾತ್ರೆಗಳ ಅಂಗಡಿ. ಮದುವೆಗೆ, ಮನೆ ಒಕ್ಕಲಿಗೆ ಕೊಡುವ ಪಾತ್ರೆಗಳ ಮೇಲೆ ಗುರ್ ಎನ್ನುವ ಸಣ್ಣ ಯಂತ್ರದಿಂದ ಹೆಸರು ಕೊರೆದು ಕೊಡುತ್ತಾರಲ್ಲ, ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅರ್ಧ ಊರಿನ ಅಡುಗೆಮನೆಯಲ್ಲಿ ಅವನ ಅಕ್ಷರವಿತ್ತು. ಒಂದಕ್ಷರ ಸೊಟ್ಟಗಾದರೂ ಆ ಪಾತ್ರೆಯನ್ನು ಗಿರಾಕಿಯ ಕಣ್ಣಿಗೆ ಬೀಳಲು ಬಿಡುತ್ತಿರಲಿಲ್ಲ. ಹೆಸರು ಎಂದರೆ ಅವನಿಗೆ ಅಷ್ಟು ಮರ್ಯಾದೆ.

ಇರಲಿ, ಕಾಡಿಗೆ ಬನ್ನಿ. ಬೆನ್ನು ತೋರಿಸಿ ಓಡುವವರನ್ನು ಹತ್ತಿರ ತರುವುದು ಹೇಗೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಿಂದೆ ಓಡುತ್ತಿದ್ದಿರಿ. ಇವಳೂ ಓಡಿದಳು. ಮುಳ್ಳು ಗೀರಿತು, ಬೂಟು ಕೆಸರಿನಲ್ಲಿ ಉಳಿಯಿತು, ಚಿಂಪಾಂಜಿಗಳು ಇನ್ನೊಂದು ಗುಡ್ಡ ದಾಟಿದವು. ಆಮೇಲೆ ನೀವು ಏನು ಮಾಡುತ್ತಿದ್ದಿರಿ? ತಿನ್ನಲು ಏನಾದರೂ ಕೊಡುತ್ತಿದ್ದಿರಿ. ಇವಳೂ ಕೊಟ್ಟಳು. ಬಾಳೆಗೊನೆ ತರಿಸಿ ಡೇರೆಯ ಮುಂದೆ ಸಾಲಾಗಿ ಇಟ್ಟಳು.

ಬಂದವು. ಕಾಡಿಗೆ ಕಾಡೇ ಎದ್ದು ಬಂತು. ಬಂದು ಹಣ್ಣಿಗಾಗಿ ಒಂದರ ಕಿವಿಯನ್ನು ಇನ್ನೊಂದು ಕಚ್ಚಿತು, ತಾಯಿ ಮಗಳು ಹೊಡೆದಾಡಿದವು, ಹಣ್ಣು ಮುಗಿದ ಮೇಲೆ ಡೇರೆ ಹರಿದವು, ಟೂತ್‌ಪೇಸ್ಟ್ ಹಿಂಡಿ ನೆಕ್ಕಿದವು. ಒಬ್ಬ ಮಹಾಶಯ ಅವಳ ಸ್ವೆಟರಿನ ತೋಳುಗಳಿಗೆ ಕಾಲು ತೂರಿಸಿಕೊಂಡು ಮರ ಏರಿ ಕುಳಿತ. ದಾನೇಶ್ವರಿ ಹರಿದ ಡೇರೆಯ ನಡುವೆ ನಿಂತು ಯೋಚಿಸಿದಳು. ತಾನು ನೋಡಬೇಕೆಂದು ಬಂದದ್ದು ಕಾಡಿನ ಚಿಂಪಾಂಜಿಯನ್ನು, ನೋಡುತ್ತಿರುವುದು ಬಾಳೆಹಣ್ಣಿನ ಚಿಂಪಾಂಜಿಯನ್ನು. ಇವುಗಳನ್ನು ಜಗಳಗಂಟರನ್ನಾಗಿ ಮಾಡಿದ್ದು ತಾನೇ. ಅವತ್ತೇ ಹಣ್ಣು ನಿಲ್ಲಿಸಿದಳು.

ಕೊನೆಗೆ ಅವಳಿಗೆ ಉಳಿದದ್ದು ಒಂದೇ ಕೆಲಸ. ಕುಳಿತುಕೊಳ್ಳುವುದು. ಅದೇ ಬಂಡೆ, ಅದೇ ಕೆಸರು ಬಣ್ಣದ ಅಂಗಿ, ಅದೇ ಹೊತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡುವಂತಿಲ್ಲ, ಅವರ ಸಮಾಜದಲ್ಲಿ ಅದು ಜಗಳಕ್ಕೆ ಕರೆದಂತೆ. ನಿಮ್ಮ ಗೊಡವೆ ನನಗೇನೂ ಇಲ್ಲಪ್ಪ ಎಂದು ತೋರಿಸಲು ತೋಳು ಕೆರೆದುಕೊಳ್ಳುವುದು, ಕೈಗೆ ಸಿಕ್ಕ ಎಲೆ ಕಿತ್ತು ಜಗಿಯುವುದು. ಇಷ್ಟೇ ಕೆಲಸ. ಮಳೆ ಬಂದರೂ ಇಷ್ಟೇ, ಇರುವೆ ಹತ್ತಿದರೂ ಇಷ್ಟೇ. ಅಣ್ಣ ನನ್ನನ್ನು ಓದಿಸಿದ್ದು ಬಂಡೆಯ ಮೇಲೆ ಕುಳಿತು ತೋಳು ಕೆರೆದುಕೊಳ್ಳಲಿಕ್ಕೇನೋ ಎಂದು ಅವಳಿಗೇ ಎಷ್ಟೋ ಸಲ ಅನ್ನಿಸಿ ಅಳು ಬಂದಿತ್ತು.

ಆದರೆ ಫಲ ಸಿಕ್ಕಿತು. ಓಡುತ್ತಿದ್ದವು ಓಡುವುದನ್ನು ಬಿಟ್ಟು ಸಿಟ್ಟಿಗೆದ್ದವು. ಕೊಂಬೆ ಅಲ್ಲಾಡಿಸಿದವು, ಎದೆ ಉಬ್ಬಿಸಿ ಕೂಗಿದವು, ಕಲ್ಲು ತೂರಿದವು. ಒಂದು ಕಲ್ಲು ಕಿವಿ ಸವರಿಕೊಂಡು ಹೋದಾಗ ದಾನೇಶ್ವರಿಗೆ ಆದ ಸಂತೋಷ ಹೇಳತೀರದು. ಯಾಕೆ ಹೇಳಿ? ಕಲ್ಲು ಹೊಡೆಯುವವನು ಓಡುತ್ತಿಲ್ಲ, ನಿಂತಿದ್ದಾನೆ. ಅವಳ ಶಾಸ್ತ್ರದಲ್ಲಿ ಇದಕ್ಕೊಂದು ಕ್ರಮವಿದೆ. ಮೊದಲು ಅವು ಓಡುತ್ತವೆ, ಆಮೇಲೆ ರೇಗುತ್ತವೆ, ಆಮೇಲೆ ನೀನು ಅಲ್ಲಿದ್ದೀಯ ಎಂಬುದನ್ನೇ ಮರೆಯುತ್ತವೆ. ಮರೆತವು ಎಂದರೆ ಗೆದ್ದೆ ಎಂದರ್ಥ. ನಮ್ಮಲ್ಲಿ ನೋಡಿ, ಸ್ವಾಗತ ಮಾಡುವವರು ಒಬ್ಬರ ಹೆಸರು ಮರೆತರೆ ಆ ಮಹನೀಯರು ಶಾಲು ಬಿಸಾಡಿ ಕಾರು ಹತ್ತುತ್ತಾರೆ. ಅಲ್ಲಿ ಒಬ್ಬ ಹೆಣ್ಣುಮಗಳು ತನ್ನನ್ನು ಮರೆಯಲಿ ಎಂದು ಮಳೆಯಲ್ಲಿ ಕುಳಿತಿದ್ದಳು.

ಒಂದು ದಿನ ಮರೆತವು. ಗುಂಪಿನ ದೊಡ್ಡ ಗಂಡೊಂದು ಬಂದು, ಅವಳಿಂದ ಕೈಯಳತೆಯಲ್ಲಿ, ಅವಳಿಗೆ ಬೆನ್ನು ಹಾಕಿ ಕುಳಿತಿತು. ಅದೇ ಬೆನ್ನು, ಆದರೆ ಈಗ ಓಡುವವನ ಬೆನ್ನಲ್ಲ, ನಂಬಿದವನ ಬೆನ್ನು. ಸ್ವಲ್ಪ ಹೊತ್ತಿಗೆ ತಾಯಿಯಿಲ್ಲದ ಒಂದು ಮರಿ ಬಂದು ಅವನ ಭುಜ ಹತ್ತಿತು. ಅವನು ಬೈಯಲಿಲ್ಲ. ತಾನು ತಿನ್ನುತ್ತಿದ್ದ ಹಣ್ಣನ್ನು ಮುರಿದು ಮರಿಯ ಬಾಯಿಗಿಟ್ಟ. ಆಮೇಲೆ ಅದರ ತಲೆಯ ಕೂದಲು ಬಿಡಿಸಿ ಬಿಡಿಸಿ ನೋಡತೊಡಗಿದ, ಮುಖ ಗಂಟು ಹಾಕಿಕೊಂಡು, ಬಹಳ ಜವಾಬ್ದಾರಿಯಿಂದ. ದಾನೇಶ್ವರಿ ತೋಳು ಕೆರೆದುಕೊಳ್ಳುವುದನ್ನು ನಿಲ್ಲಿಸಿದಳು. ತನ್ನ ತಲೆಯನ್ನು ಹೀಗೇ ಮುಖ ಗಂಟು ಹಾಕಿಕೊಂಡು ಬಾಚುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ ಒಬ್ಬ.

ಅವಳ ಗುರುಗಳು, ಪ್ರಾಣಿಗಳಿಗೆ ಹೆಸರಿಡಬೇಡ, ಸಂಖ್ಯೆ ಕೊಡು ಎಂದು ಹೇಳಿ ಕಳಿಸಿದ್ದರು. ಅವಳ ಮನಸ್ಸು ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ಮಗು ಹುಟ್ಟಿದರೆ ಅಜ್ಜನ ಹೆಸರಿಡುತ್ತೇವೆ, ಅಜ್ಜಿಯ ಹೆಸರಿಡುತ್ತೇವೆ. ಹೆಸರು ಉಳಿಯಲಿ ಎನ್ನುತ್ತೇವೆ. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿ ಇದೆಯೇ? ಅವಳೂ ಹಾಗೆಯೇ ಮಾಡಿದಳು. ಆ ಕಾಡಿನ ಅತ್ಯಂತ ಒಳ್ಳೆಯ ಜೀವಿಗೆ ತನ್ನ ಅತ್ಯಂತ ಪ್ರೀತಿಯ ಹೆಸರಿಟ್ಟಳು. ಚೆನ್ನವೀರಪ್ಪ.

ಈಗ ನಗುತ್ತೀರಿ. ನಗಿ. ಆ ಊರೂ ಹೀಗೆಯೇ ನಕ್ಕಿತು.

ಅವಳ ಕೆಲಸ ದೊಡ್ಡದಾಯಿತು, ದೇಶದೇಶಗಳಲ್ಲಿ ಮಾತಾಯಿತು, ನಮ್ಮ ಕಡೆಯ ಒಂದು ಪತ್ರಿಕೆಯಲ್ಲೂ ಫೋಟೊ ಬಂತು. ಫೋಟೊದಲ್ಲಿ ಆ ದೊಡ್ಡ ಚಿಂಪಾಂಜಿ ಹುತ್ತದೊಳಗೆ ಕಡ್ಡಿ ತೂರಿಸಿ, ಕೆಳತುಟಿ ಜೋಲು ಬಿಟ್ಟುಕೊಂಡು ಕುಳಿತಿದೆ. ಕೆಳಗೆ ದಪ್ಪ ಅಕ್ಷರದಲ್ಲಿ: ಗೆದ್ದಲು ತಿನ್ನುತ್ತಿರುವ ಚೆನ್ನವೀರಪ್ಪ. ಅವತ್ತು ಪೇಟೆಯಲ್ಲಿ ಆ ಪತ್ರಿಕೆಯ ಒಂದು ಪ್ರತಿಯೂ ಉಳಿಯಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯಲು ಬಂದ ಚೆನ್ನವೀರಪ್ಪ ನೋಡಿದರೆ ಶಟರಿನ ತುಂಬ ಅದೇ ಫೋಟೊ. ಒಬ್ಬ ಗಿರಾಕಿ ಬಂದು, ಇವತ್ತು ಗೆದ್ದಲು ಸಿಕ್ಕವೇನು ಸಾಹುಕಾರ್ರೆ ಎಂದು ವಿಚಾರಿಸಿದ. ಇನ್ನೊಬ್ಬ ಒಂದು ತಂಬಿಗೆ ತಂದಿಟ್ಟು, ಇದರ ಮೇಲೆ ಚೆನ್ನವೀರಪ್ಪ, ಮರದ ಮೇಲೆ, ಆಫ್ರಿಕಾ ಎಂದು ಕೊರೆದುಕೊಡಿ ಎಂದ. ಅವನು ಕೊರೆದನೇ? ಕೊರೆಯಲಿಲ್ಲ. ಯಂತ್ರದ ವೈರು ಕಿತ್ತು ಸುತ್ತಿಟ್ಟು ಮನೆಗೆ ಹೋದ.

ತಂಗಿಗೆ ಫೋನು ಮಾಡಿದ. ಕಾಡಿನಲ್ಲಿ ಅವಳಿಗೆ ಫೋನು ಸಿಗುವುದೇ ಅಪರೂಪ, ಅಣ್ಣನ ದನಿ ಕೇಳಿ ಕುಣಿದಾಡಿದಳು. ಅವನು ಹೇಳಿದ್ದು ಎರಡು ಮಾತು.

"ನನ್ನ ಹೆಸರು ಒಯ್ದು ಮಂಗ್ಯಾಗ ಇಟ್ಟಿ. ಇನ್ನ ಮ್ಯಾಲ ನಿನ್ನ ಅಣ್ಣ ಅದಾ, ಅದರ ಕೂಡನ ಮಾತಾಡು."

ಆಗ ಅವಳು ಏನೆನ್ನಬೇಕಿತ್ತು? ನಿಮ್ಮಲ್ಲಿ ಯಾರಾದರೂ ಹೇಳಿ. ಅವಳು ಓದಿದವಳು ನೋಡಿ, ಓದಿದವರಿಗೆ ತಪ್ಪು ಕಂಡರೆ ತಿದ್ದದೆ ಇರಲಾಗುವುದಿಲ್ಲ. "ಅದು ಮಂಗ್ಯಾ ಅಲ್ಲ ಅಣ್ಣಾ, ಚಿಂಪಾಂಜಿಗೆ ಬಾಲ ಇರೂದಿಲ್ಲ" ಎಂದಳು. ಆ ಕಡೆ ಫೋನು ಇಟ್ಟ ಸದ್ದಾಯಿತು. ಆಮೇಲೆ ವರ್ಷಗಳು ಹೋದವು, ಅಣ್ಣನ ಮಾತಿಲ್ಲ. ಒಬ್ಬ ಮನುಷ್ಯ ನೊಂದು ನಿಂತಿದ್ದಾನೆ, ನೀನು ಬಾಲದ ಲೆಕ್ಕ ಹೇಳುತ್ತೀಯ. ಅವಳಿಗೆ ಬೈಯುತ್ತಿಲ್ಲ ನಾನು, ನಿಮಗೇ ಹೇಳುತ್ತಿದ್ದೇನೆ.

ಒಂದು ಮಳೆಗಾಲದಲ್ಲಿ ಕಾಡಿನ ಚೆನ್ನವೀರಪ್ಪ ಕೆಮ್ಮತೊಡಗಿದ. ವಯಸ್ಸಾಗಿತ್ತು. ಮರಕ್ಕೆ ಒರಗಿ ಕುಳಿತವನು ಏಳಲಿಲ್ಲ. ಬಾಯಿಬಡುಕರಾದ ಆ ಚಿಂಪಾಂಜಿಗಳು ಅವತ್ತು ಸದ್ದಿಲ್ಲದೆ ಸುತ್ತ ಕುಳಿತಿದ್ದವು. ಅವನು ಸಾಕಿದ ಮರಿ ಈಗ ದೊಡ್ಡದಾಗಿತ್ತು, ಅವನ ತಣ್ಣಗಾದ ಕೈಯನ್ನು ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡುತ್ತಿತ್ತು. ದಾನೇಶ್ವರಿಯೂ ಕುಳಿತಳು. ತನಗಿದ್ದದ್ದು ಇಬ್ಬರು ಚೆನ್ನವೀರಪ್ಪಂದಿರು. ಒಬ್ಬ ಹೋದ. ಇನ್ನೊಬ್ಬ ಬದುಕಿದ್ದಾನೆ, ತನ್ನ ಪಾಲಿಗಿಲ್ಲ. ಅವನೂ ಹೀಗೆ ಒಂದು ದಿನ ಗೋಡೆಗೆ ಒರಗಿ ಕುಳಿತುಬಿಟ್ಟರೆ? ಈ ಭಯ ಹೊಕ್ಕ ಮೇಲೆ ಅವಳಿಗೆ ಕಾಡಿನಲ್ಲಿ ನಿಲ್ಲಲು ಆಗಲಿಲ್ಲ. ಗಂಟು ಕಟ್ಟಿಕೊಂಡು ಊರಿಗೆ ಬಂದಳು.

ಊರಲ್ಲಿ ಏನಾಯಿತು? ಅಂಗಡಿಯ ಮುಂದೆ ಅವಳು ಕಂಡದ್ದೇ ತಡ, ಚೆನ್ನವೀರಪ್ಪ ಹಿಂದಿನ ಬಾಗಿಲಿನಿಂದ ಅಕ್ಕಸಾಲಿಗರ ಓಣಿ ಹಿಡಿದ. ಮನೆಗೆ ಹೋದರೆ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದು ಹೋಗವ್ವಾ, ಅವರು ಒಪ್ಪೂದಿಲ್ಲ ಎಂದಳು. ಅವಳಿಗೆ ಅಣ್ಣ ಕಂಡದ್ದು ಎಷ್ಟು? ಬೆನ್ನು. ಅಷ್ಟೇ.

ಗೆಳತಿಯ ಮನೆಯಲ್ಲಿ ಇಳಿದುಕೊಂಡು ಅವಳು ಊರಿನವರೆಲ್ಲ ಮಾಡುವುದನ್ನೇ ಮಾಡಿದಳು. ಹಿರಿಯರನ್ನು ಕಳಿಸಿದಳು. ಹಿರಿಯರು ಹೋಗಿ, ಬಂದ ಕೆಲಸ ಮರೆತು, ನಾಲ್ಕು ತಾಟು ಕೊಂಡು ಹೊರಗೆ ಬಂದರು. ಪೇಢೆಯ ಡಬ್ಬಿ ಕಳಿಸಿದಳು. ಡಬ್ಬಿ ಹೋದಂತೆ ವಾಪಸು ಬಂತು. ಅದು ಸಾಲದೆಂದು, ಊರಿನವರಿಗೆ ತಿಳಿಹೇಳಿದರೆ ಅಣ್ಣನ ಸಿಟ್ಟು ಇಳಿಯುತ್ತದೆ ಎಂದುಕೊಂಡು, ಸಭಾಭವನದಲ್ಲಿ ಪರದೆ ಕಟ್ಟಿಸಿ ಚಿತ್ರ ತೋರಿಸಿ ಉಪನ್ಯಾಸ ಮಾಡಿದಳು. ಚೆನ್ನವೀರಪ್ಪನ ಔದಾರ್ಯ ಎಂಥದ್ದು, ಚೆನ್ನವೀರಪ್ಪ ಅನಾಥ ಮರಿಯನ್ನು ಹೇಗೆ ಸಾಕಿದ ಎಂದು ಮನಕರಗುವಂತೆ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಮುಖಕ್ಕೆ ಟವೆಲು ಸುತ್ತಿಕೊಂಡು ಅಣ್ಣನೂ ಬಂದು ಕುಳಿತಿದ್ದ, ಆ ಟವೆಲೂ ಕೊಂಚ ಸಡಿಲಾಗಿತ್ತು. ಅಷ್ಟಕ್ಕೇ ನಿಲ್ಲಿಸಬಾರದೇ ತಾಯಿ? ವಿಜ್ಞಾನಿ ನಿಲ್ಲಿಸಿಯಾಳೇ? ಚೆನ್ನವೀರಪ್ಪನಿಗೆ ಹೇನು ಹೆಕ್ಕುವುದೆಂದರೆ ಪ್ರಾಣ, ಹೆಕ್ಕಿದ ಹೇನನ್ನು ಅವನು ತಿನ್ನುತ್ತಿದ್ದ ಎಂದು ಮುಂದುವರಿಸಿದಳು. ಟವೆಲು ಎದ್ದು ಹೊರಗೆ ನಡೆಯಿತು.

ಅವತ್ತು ದಾನೇಶ್ವರಿ ಗೆಳತಿಯ ಹಿತ್ತಿಲಿನಲ್ಲಿ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ಹೊಳೆಯಿತು. ಓಡಿದವರ ಹಿಂದೆ ಓಡಿದ್ದಾಯಿತು, ತಿನ್ನಲು ಕೊಟ್ಟದ್ದಾಯಿತು. ಇನ್ನು ತನಗೆ ಬರುವ ವಿದ್ಯೆ ಯಾವುದಿದೆ?

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ, ಎದುರಿನ ಬೇವಿನ ಕಟ್ಟೆಯ ಮೇಲೆ, ಕೆಸರು ಬಣ್ಣದ ಅಂಗಿ ಹಾಕಿಕೊಂಡು, ಕಣ್ಣು ತಗ್ಗಿಸಿ, ದೇಶದೇಶಗಳಲ್ಲಿ ಹೆಸರಾದ ವಿಜ್ಞಾನಿ ತೋಳು ಕೆರೆದುಕೊಳ್ಳುತ್ತ ಕುಳಿತಿದ್ದಳು. ಆಗಾಗ ಒಂದು ಎಲೆ ಕಿತ್ತು ಜಗಿಯುತ್ತಿದ್ದಳು. ಆಫ್ರಿಕಾದ ಎಲೆ ಪರವಾಗಿರಲಿಲ್ಲ. ಇದು ಬೇವು. ಆದರೂ ಕ್ರಮ ತಪ್ಪಿಸಲಿಲ್ಲ.

ಊರು ಸುಮ್ಮನಿರುತ್ತದೆಯೇ? ಮೊದಲು ಹುಚ್ಚು ಎಂದರು. ಆಮೇಲೆ ಒಬ್ಬ ಪುಢಾರಿ ಬಂದ. ಹೆಣ್ಣುಮಗಳು ಕಟ್ಟೆಯ ಮೇಲೆ ದಿನವೂ ಕೂರುತ್ತಾಳೆಂದರೆ ಅದು ಧರಣಿಯೇ ಇರಬೇಕೆಂದು ಅವನ ತರ್ಕ. ನಿಮ್ಮ ಬೇಡಿಕೆ ಏನ್ರಿ ಎಂದು ಕೇಳಿದ. ಕಣ್ಣಿಗೆ ಕಣ್ಣು ಕೊಡಬಾರದಲ್ಲ, ಅವಳು ತಲೆ ಎತ್ತಲಿಲ್ಲ. ಬೇಡಿಕೆ ಬಹಳ ಗಂಭೀರವಾಗಿದೆ ಎಂದುಕೊಂಡು ಅವನು ಶಾಮಿಯಾನ ಹಾಕಿಸಿ, ಬೇಷರತ್ ಬೆಂಬಲ ಘೋಷಿಸಿ ತಾನೂ ಕುಳಿತ. ಅದನ್ನು ನೋಡಿದ ಓಣಿಯ ಹೆಂಗಸರಿಗೆ ಬೇರೆಯೇ ಹೊಳೆಯಿತು. ಮಾತಿಲ್ಲ, ಊಟದ ಗೋಜಿಲ್ಲ, ಬೇವು ತಿನ್ನುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ. ಇದು ಮೌನವ್ರತದ ತಾಯಿಯೇ ಸರಿ. ಕುಂಕುಮ ತಂದರು, ಊದಿನಕಡ್ಡಿ ತಂದರು, ತೆಂಗಿನಕಾಯಿ ಒಡೆದರು. ಒಬ್ಬಾಕೆ ಒಂದು ದೊಡ್ಡ ಬಾಳೆಗೊನೆಯನ್ನು ತಂದು ಪಾದದ ಬಳಿ ಇಟ್ಟಳು.

ಬಾಳೆಗೊನೆ ಕಂಡದ್ದೇ ದಾನೇಶ್ವರಿ ಬೆಚ್ಚಿಬಿದ್ದು ಎದ್ದು ನಿಂತಳು. "ಬಾಳಿಹಣ್ಣು ತಗೀರಿ. ಬಾಳಿಹಣ್ಣು ಇಟ್ರ ಅಂವ ಖರೇ ಬರೂದಿಲ್ಲ" ಎಂದಳು. ಮೌನವ್ರತದ ತಾಯಿ ನುಡಿದಳಲ್ಲ, ಹೆಂಗಸರ ಮೈ ಜುಮ್ಮೆಂದಿತು. ಅಂವ ಎಂದರೆ ಶಿವನೇ ತಾನೆ? ಅವತ್ತಿನಿಂದ ಆ ಓಣಿಯಲ್ಲಿ ಸೋಮವಾರ ಬಾಳೆಹಣ್ಣು ಮುಟ್ಟದ ವ್ರತ ಶುರುವಾಯಿತು. ಇವತ್ತಿಗೂ ನಡೆಸುವವರಿದ್ದಾರಂತೆ. ಫಲವೂ ಸಿಕ್ಕಿದೆಯಂತೆ. ನನ್ನನ್ನು ಕೇಳಬೇಡಿ.

ಈ ಗದ್ದಲದ ನಡುವೆ ಚೆನ್ನವೀರಪ್ಪ ಏನು ಮಾಡುತ್ತಿದ್ದ? ಮೊದಮೊದಲು ಹಿಂದಿನ ಬಾಗಿಲು. ಆಮೇಲೆ ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಆಳೆತ್ತರಕ್ಕೆ ಜೋಡಿಸಿಟ್ಟ ಪಾತೇಲಿಗಳ ಗೋಪುರವನ್ನು ಎಳೆದು ಕೆಡವಿದ. ತಾಟುಗಳನ್ನು ನೆಲಕ್ಕೆ ಬಡಿದ, ಕೊಡಗಳನ್ನು ಉರುಳಿಸಿದ, ಒಂದು ಸೌಟನ್ನು ರಸ್ತೆಗೆ ಬೀಸಿದ. ಸೌಟು ಹೋಗಿ ಶಾಮಿಯಾನದ ಕಂಬಕ್ಕೆ ಬಡಿಯಿತು. ಪುಢಾರಿ ಬೆಂಬಲ ಹಿಂತೆಗೆದುಕೊಂಡು ಓಡಿದ, ಹೆಂಗಸರು ಚದುರಿದರು, ಪೇಟೆಯ ನಾಯಿಗಳು ಊರ ಹೊರಗೆ ಹೋಗಿ ನಿಂತವು. ಕಟ್ಟೆಯ ಮೇಲೆ ಉಳಿದವಳು ದಾನೇಶ್ವರಿ ಒಬ್ಬಳೇ. ಅವಳ ಮುಖ ಅರಳಿತ್ತು. ಅಣ್ಣ ಓಡಲಿಲ್ಲ. ಅಣ್ಣ ರೇಗಿದ. ಎಲ್ಲರಿಗೂ ಕೆಡುಕಾಗಿ ಕಂಡದ್ದು ಅವಳಿಗೆ ಮುಂದಿನ ಮೆಟ್ಟಿಲಾಗಿ ಕಂಡಿತು.

ಅವಳು ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಸಿಟ್ಟು ಎಷ್ಟು ದಿನ ಉರಿದೀತು, ಅದಕ್ಕೂ ಕೈ ಸೋಲುತ್ತದೆ. ಅವನು ತನ್ನ ಪಾಡಿಗೆ ಯಂತ್ರ ಹಚ್ಚಿ ಹೆಸರು ಕೊರೆಯತೊಡಗಿದ. ಗಿರಾಕಿಗಳೊಂದಿಗೆ ಮಾತಾಡುತ್ತ, ಚಹಾ ಕುಡಿಯುತ್ತ, ಎದುರಿಗೆ ಒಬ್ಬಳು ಕುಳಿತಿದ್ದಾಳೆಂಬುದನ್ನೇ ಮರೆತವನಂತೆ ಇದ್ದ. ಇವಳಿಗೆ ಒಳಗೊಳಗೇ ಹಬ್ಬ.

ಒಂದು ಮಧ್ಯಾಹ್ನ ಬಿಸಿಲು ಜೋರಿತ್ತು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಚೆನ್ನವೀರಪ್ಪ ಇಳಿದು ಬಂದ. ಕಟ್ಟೆಯ ಇನ್ನೊಂದು ತುದಿಯಲ್ಲಿ, ತಂಗಿಗೆ ಬೆನ್ನು ಹಾಕಿ, ನೆರಳಿಗೆ ಬಂದವನ ಹಾಗೆ ಕುಳಿತ. ಬಹಳ ಹೊತ್ತಾದ ಮೇಲೆ, ರಸ್ತೆಯ ಕಡೆಗೆ ಮುಖ ಮಾಡಿಕೊಂಡೇ, ಬೈಯಲು ಶುರುಮಾಡಿದ.

ಎಂಥ ಬೈಗುಳ ಅಂತೀರಿ. ಶಟರಿನ ಫೋಟೊ, ಆಫ್ರಿಕಾದ ತಂಬಿಗೆ, ಗೆದ್ದಲು, ಹೇನು, ಬೀಗರ ಮನೆಯ ಊಟದಲ್ಲಿ ಮಕ್ಕಳು ಅವನನ್ನು ನೋಡಿ ಬಗಲು ಕೆರೆದುಕೊಂಡದ್ದು, ಎಲ್ಲವೂ ಬಂತು. ದಾನೇಶ್ವರಿಯ ನಾಲಿಗೆಯ ತುದಿಯಲ್ಲಿ ಉತ್ತರ ತಯಾರಾಗಿತ್ತು. ನಾನು ಮರ್ಯಾದೆಗೆ ಇಟ್ಟದ್ದು, ನಮ್ಮ ಮನೆಯ ಪದ್ಧತಿಯಂತೆ ಇಟ್ಟದ್ದು, ಪತ್ರಿಕೆಯವರು ಮಾಡಿದ್ದಕ್ಕೆ ನಾನು ಹೊಣೆಯಲ್ಲ. ಒಂದೊಂದು ಮಾತೂ ನಿಜ. ವರ್ಷಗಟ್ಟಲೆ ಕಾಡಿನಲ್ಲಿ ಒಬ್ಬಳೇ ಆಡಿ ಆಡಿ ಹದಮಾಡಿಟ್ಟ ಮಾತು. ಅದು ಗಂಟಲಿಗೆ ಬಂದಾಗಲೆಲ್ಲ ಅವಳು ಬೇವಿನ ಎಲೆಯ ಜೊತೆ ನುಂಗಿದಳು. ಬೇವಿಗಿಂತ ಅದೇ ಕಹಿಯಾಗಿತ್ತು.

ಬೈಗುಳ ಬತ್ತಿತು. ಬತ್ತಿದ ಮೇಲೆ, ಅದರ ತಳದಲ್ಲಿ ಏನಿತ್ತೋ ಅದು ಬಂತು.

"ಹೆಸರ ಹೋಗ್ಲಿ. ಊರು ನಗ್ತು, ನಗ್ಲಿ" ಎಂದ ಚೆನ್ನವೀರಪ್ಪ. ಈಗ ಅವನ ದನಿ ಸಣ್ಣದಾಗಿತ್ತು. "ನಿನಗ ನನ್ನ ನೆನಪಾದಾಗ ನೀ ಅದರ ಮಾರಿ ನೋಡಿ ಸಮಾಧಾನ ಮಾಡ್ಕೊಂಡಿ. ನನಗ ನಿನ್ನ ನೆನಪಾದಾಗ ನಾ ಯಾರ ಮಾರಿ ನೋಡ್ಲಿ?"

ದಾನೇಶ್ವರಿಯ ಕಣ್ಣು ತುಂಬಿಬಂತು. ಇಷ್ಟು ವರ್ಷ ಅವಳು ವಾದ ಕಟ್ಟಿದ್ದು ಹೆಸರಿನ ಬಗ್ಗೆ, ಅವನು ನೊಂದದ್ದು ಬೇರೆಯದಕ್ಕೆ.

"ತಪ್ಪಾತು ಅಣ್ಣಾ" ಎಂದಳು.

ನೋಡಿ, ಇಲ್ಲಿ ಸ್ವಲ್ಪ ನಿಲ್ಲಿ. ತಪ್ಪಾತು ಎಂದ ಮೇಲೆ ಅವಳು ಆದರೆ ಎನ್ನಲಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಆದರೆ ಎನ್ನಲಿಲ್ಲ. ರಸ್ತೆಯಲ್ಲಿ ಎಮ್ಮೆಗಳು ಹಾದು ಹೋದವು. ಕೊನೆಗೆ ಅವನು ಅರ್ಧ ತಿರುಗಿ ಕುಳಿತ.

"ಅಂವ ಹೆಂಗದಾನ ಈಗ?"

ಯಾರ ಬಗ್ಗೆ ಕೇಳುತ್ತಿದ್ದಾನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. "ಹೋದ ಅಣ್ಣಾ. ಮಳಿಗಾಲದಾಗ ಕೆಮ್ಮು ಹತ್ತಿತ್ತು."

ಚೆನ್ನವೀರಪ್ಪ ಬೇವಿನ ಬುಡವನ್ನು ನೋಡಿದ. ಹೋಗುವಾಗ ಹತ್ತಿರ ಯಾರಿದ್ದರು ಎಂದು ಕೇಳಿದ. ಎಲ್ಲರೂ ಇದ್ದರು, ನಾನೂ ಇದ್ದೆ ಎಂದಳು. ಅವನು ಎದ್ದ. ಸೀದಾ ಅಂಗಡಿಗೆ ಹೋಗಿ, ಹರಡಿದ್ದ ಪಾತ್ರೆಗಳನ್ನು ಒಳಗೆ ಸರಿಸಿ, ಹಾಡುಹಗಲಲ್ಲೇ ಶಟರು ಎಳೆಯತೊಡಗಿದ. ಅಷ್ಟರಲ್ಲಿ ಒಬ್ಬ ಗಿರಾಕಿ ಒಂದು ಕೊಡ ತಂದು, ಹೆಸರು ಕೊರೆಯಬೇಕಿತ್ತಲ್ಲ, ಅಂಗಡಿ ಯಾಕೆ ಮುಚ್ಚುತ್ತೀರಿ ಎಂದ.

"ಇವತ್ತ ಅಂಗಡಿ ಇಲ್ಲ. ನಮ್ಮ ಮನ್ಯಾಗ ಒಬ್ರು ಹೋಗ್ಯಾರ."

ಅಯ್ಯೋ ಶಿವನೇ, ಯಾರು ಹೋದರು ಎಂದು ಗಿರಾಕಿ ಗಾಬರಿಯಿಂದ ಕೇಳಿದ.

"ಚೆನ್ನವೀರಪ್ಪ" ಎಂದ ಚೆನ್ನವೀರಪ್ಪ.

ಗಿರಾಕಿ ಅವನ ಮುಖ ನೋಡಿದ, ಕೊಡ ನೋಡಿದ, ಕೊಡ ಎತ್ತಿಕೊಂಡು ಸದ್ದಿಲ್ಲದೆ ಹೊರಟುಹೋದ. ಅಣ್ಣ ಬೀಗ ಹಾಕಿ ತಂಗಿಯ ಮುಂದೆ ಬಂದು ನಿಂತು, ನಡಿ ಮನಿಗೆ, ತಲಿಗೆ ನೀರು ಹಾಕ್ಕೊಂಡು ಊಟ ಮಾಡೂಣು ಎಂದ. ಅವತ್ತು ಆ ಮನೆಯಲ್ಲಿ, ಎಲ್ಲಿಯೋ ಒಂದು ಸರೋವರದ ದಂಡೆಯ ಕಾಡಿನಲ್ಲಿ ತೀರಿಹೋದ ಒಬ್ಬ ಬಂಧುವಿಗಾಗಿ ಎಲ್ಲರೂ ಸ್ನಾನ ಮಾಡಿದರು. ಸತ್ತವನಿಗೆ ಬಾಲವಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ಗಡಿಯಾರ ನೋಡಬೇಡಿ, ಪ್ರಸಾದ ಓಡಿಹೋಗುವುದಿಲ್ಲ.

ಚಿಂಪಾಂಜಿಗಾಗಿ ಒಬ್ಬಳು ವರ್ಷಗಟ್ಟಲೆ ಮಳೆಯಲ್ಲಿ ಕುಳಿತಳು ಎಂದರೆ ನಿಮಗೆ ಆಶ್ಚರ್ಯ. ನೀವು ಒಡಹುಟ್ಟಿದವನಿಗಾಗಿ ಎಷ್ಟು ಹೊತ್ತು ಕುಳಿತಿದ್ದೀರಿ? ಮುನಿಸಾದರೆ ನೀವು ಏನು ಮಾಡುತ್ತೀರಿ, ನಾನು ಹೇಳಲೇ? ಹಬ್ಬದ ದಿನ ಫೋನಿನಲ್ಲಿ ಕೈಮುಗಿದ ಚಿತ್ರ ಒಂದನ್ನು ಕಳಿಸುತ್ತೀರಿ, ಅದೇ ಚಿತ್ರವನ್ನು ಇನ್ನೂರು ಜನಕ್ಕೆ ಕಳಿಸಿರುತ್ತೀರಿ. ಸ್ವೀಟಿನ ಡಬ್ಬಿಯನ್ನು ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸುತ್ತೀರಿ. ನನ್ನ ಹತ್ತಿರ ಬಂದು, ಬುದ್ಧೀ, ನೀವೇ ಅವನಿಗೆ ಒಂದು ಮಾತು ಹೇಳಿ ಎನ್ನುತ್ತೀರಿ. ನಾನು ಹೋದರೆ ಅವರು ನನಗೂ ತಾಟು ಮಾರಿ ಕಳಿಸುತ್ತಾರೆ, ಅಷ್ಟೇ. ಕೊನೆಗೆ ಹೇಗೋ ಧೈರ್ಯ ಮಾಡಿ ನೀವೇ ಹೋಗುತ್ತೀರಿ. ಅವರು ನಾಲ್ಕು ಪಾತ್ರೆ ಬಡಿಯುತ್ತಾರೆ. ತಕ್ಷಣ, ನೋಡಿದಿರಾ, ನಾನು ಹೋದೆ, ಅವನಿಗೇ ಬೇಡವಾಗಿದೆ ಎಂದು ಊರೆಲ್ಲ ಹೇಳಿಕೊಂಡು ಬರುತ್ತೀರಿ. ಹುಚ್ಚಪ್ಪಗಳಿರಾ, ಪಾತ್ರೆ ಬಡಿಯುವವನು ಬಾಗಿಲು ತೆರೆದಿದ್ದಾನೆ. ನೀವು ವಾಪಸು ಬಂದದ್ದು ಸರಿಯಾಗಿ ಅಲ್ಲಿಂದಲೇ.

ಹೋಗಿ ಕುಳಿತುಕೊಳ್ಳಿ ಎನ್ನುತ್ತೇನೆ ನಾನು. ನ್ಯಾಯ ಹೇಳಲು ಹೋಗಬೇಡಿ, ತಿದ್ದಲು ಹೋಗಬೇಡಿ. ಅವರು ಬೈದರೆ ಬೈಸಿಕೊಳ್ಳಿ, ಬೈಗುಳದ ತಳದಲ್ಲಿ ಏನಿದೆ ಎಂದು ಕಾಯಿರಿ. ನಿಮ್ಮ ಬಳಿ ಒಳ್ಳೆಯ ಉತ್ತರ ಇದ್ದೇ ಇರುತ್ತದೆ, ನನಗೆ ಗೊತ್ತು, ನೀವೆಲ್ಲ ಬುದ್ಧಿವಂತರು. ಅದನ್ನು ನುಂಗಿ. ಅವತ್ತು ಆಗದಿದ್ದರೆ ಮರುದಿನ ಮತ್ತೆ ಹೋಗಿ.

ನಾಳೆ ಹೋಗುತ್ತೇವೆ ಬುದ್ಧೀ ಎಂದು ತಲೆ ಆಡಿಸುತ್ತಿದ್ದೀರಿ. ನಾಳೆಯ ಮಾತು ಬೇಡ. ಈ ಸಭೆಯಲ್ಲೇ ಒಂದೇ ತಾಯಿಯ ಮಕ್ಕಳು ಒಬ್ಬರು ಆ ಬಾಗಿಲಿನ ಹತ್ತಿರ, ಒಬ್ಬರು ಈ ಕಿಟಕಿಯ ಹತ್ತಿರ ಕುಳಿತಿದ್ದಾರೆ. ಗೋಡೆಗೆ ಗೋಡೆ ತಾಗಿದ ಮನೆಯ ಅತ್ತೆ ಸೊಸೆಯರು ಬೇರೆ ಬೇರೆ ಆಟೋದಲ್ಲಿ ಬಂದಿದ್ದಾರೆ. ಹೆಸರು ಹೇಳುವುದಿಲ್ಲ, ನೀವಾಗಿಯೇ ಕತ್ತು ತಗ್ಗಿಸಿದ್ದೀರಿ, ಅದು ಸಾಕು. ಇವತ್ತು ಪ್ರಸಾದದ ಪಂಕ್ತಿಯಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ಕ್ಷಮೆ ಕೇಳಬೇಕಿಲ್ಲ, ಅಪ್ಪಿಕೊಂಡು ಅಳಬೇಕಿಲ್ಲ. ಕುಳಿತು ಉಣ್ಣಿ, ಅಷ್ಟೇ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅಡುಗೆಯವರ ಮೇಲೆ ಹರಿಹಾಯಬೇಡಿ. ಇವತ್ತಿನ ಸಾರಿಗೆ, ಪಲ್ಯಕ್ಕೆ, ಒಂದಕ್ಕೂ ಉಪ್ಪು ಹಾಕಬಾರದೆಂದು ನಾನೇ ಹೇಳಿದ್ದೇನೆ. ಇಬ್ಬರಿಗೆ ಒಂದೇ ಉಪ್ಪಿನ ಬಟ್ಟಲು ಇಡುತ್ತಾರೆ. ಬೇಕಾದವರು ಪಕ್ಕದವರನ್ನು ಬಾಯಿಬಿಟ್ಟು ಕೇಳಿ ಇಸಿದುಕೊಳ್ಳಿ. ಏಳಿ, ಎಲೆ ಹಾಕಿದ್ದಾರೆ.